ಸೀದ ಈರುಳ್ಳಿ, ಹಸಿ ಹೊಗೆಸೊಪ್ಪು

ಬಣ್ಣದ ವಿಷಯದಲ್ಲಿ ಗಂಡ ಹೆಂಡತಿಯೇ ಒಪ್ಪುವುದಿಲ್ಲ. ಎರಡು ಬ್ರೌಸರ್‌ಗಳು ಒಪ್ಪಲಿ ಎನ್ನುವುದು ದುರಾಸೆ. ನಾನು ಹುಣಸೂರಿನ ಒಂದು ಕಂಪ್ಯೂಟರ್ ಸೆಂಟರ್‌ನಲ್ಲಿ ವೆಬ್ ಪುಟ ಮಾಡುತ್ತಿದ್ದ ಕಾಲದಲ್ಲಿ ಇಂಥ ಪ್ರಸಂಗಗಳಿಗೆ ಬರವಿರಲಿಲ್ಲ.

ಪುಟಕ್ಕೆ ಬಣ್ಣ ಕೊಡಲು ಎರಡು ದಾರಿ. ಅಂಕಿ, ಅಕ್ಷರ ಬೆರೆತು ಆರು ಚಿಹ್ನೆಯಿರುವ ಹೆಕ್ಸ್ ಕೋಡ್ ಬರೆಯಬೇಕು, ಇಲ್ಲವೇ ಬ್ರೌಸರ್‌ಗೆ ಗೊತ್ತಿರುವ ಇಂಗ್ಲಿಷ್ ಹೆಸರು. ಗೊತ್ತಿಲ್ಲದ ಹೆಸರು ಬರೆದರೆ ನಮ್ಮಲ್ಲಿದ್ದ ಒಂದು ಬ್ರೌಸರ್ ಪುಟವನ್ನು ಬಿಳಿಯಾಗಿಯೇ ಬಿಟ್ಟು ಸುಮ್ಮನಿರುತ್ತಿತ್ತು. ಇನ್ನೊಂದು ಸೋಲೊಪ್ಪುತ್ತಿರಲಿಲ್ಲ. ಆ ಹೆಸರನ್ನೇ ಕೋಡ್ ಎಂದುಕೊಂಡು ಏನೋ ಒಂದು ಬಣ್ಣ ಬಳಿಯುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಇಂಥ ಮೇಷ್ಟ್ರುಗಳನ್ನು ಕಂಡಿದ್ದೆನಾದ್ದರಿಂದ ನನಗೆ ಆಶ್ಚರ್ಯವಾಗಲಿಲ್ಲ.

ಸೆಂಟರ್ ಯಜಮಾನರಿಗೆ ಮಾತ್ರ ಹೆಸರುಗಳ ಮೇಲೆ ಅಪಾರ ನಂಬಿಕೆ. ಕಟ್ಟಡ ಅವರ ಮಾವನದು. ಪುಟ ಮಾಡಿಸುವ ಗಿರಾಕಿ ಒಬ್ಬನಾದರೂ ಗಟ್ಟಿಯಾಗದಿದ್ದರೆ ಸೆಂಟರ್ ಮುಚ್ಚಿಸಿ ಜೆರಾಕ್ಸ್ ಅಂಗಡಿ ಇಡಿಸುವುದಾಗಿ ಹೇಳಿ, ಮಾವ ಜಾಗವನ್ನೂ ಅಳೆದು ಹೋಗಿದ್ದರು.

ಈರುಳ್ಳಿ

ಮೊದಲು ಸಿಕ್ಕವರು ಕೆ.ಆರ್. ನಗರದ ಸೀರೆ ಅಂಗಡಿಯವರು. ಆ ವರ್ಷ ಮದುವೆ ಜವಳಿಯಲ್ಲಿ ಈರುಳ್ಳಿ ಬಣ್ಣಕ್ಕೇ ಬೇಡಿಕೆ. ಪುಟವೂ ಅದೇ ಬಣ್ಣದಲ್ಲಿರಲಿ ಎಂದರು. ಕೋಡ್ ಹುಡುಕುತ್ತೇನೆ ಅಂದೆ. ಯಜಮಾನರು ನನ್ನನ್ನು ಸರಿಸಿ ‘ಆನಿಯನ್’ ಎಂದು ಇಂಗ್ಲಿಷಿನಲ್ಲಿ ತಾವೇ ಒತ್ತಿದರು. ಪುಟ ಅಪ್ಪಟ ಕಪ್ಪಾಗಿ ಬಂತು. ಅಂಗಡಿಯವರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು.

“ಸೀದೋಗಿದೆ ಕಣ್ರೀ” ಎಂದು ಎದ್ದು ಹೋದರು.

ಕಾಫಿ

ಎಚ್.ಡಿ. ಕೋಟೆಯ ಹೋಟೆಲಿನವರಿಗೆ ಕಾಫಿ ಬಣ್ಣ ಬೇಕಿತ್ತು. ಈ ಸಲ ನಾನು ಮೊದಲೇ ಕೋಡ್ ಬರೆದಿಟ್ಟಿದ್ದೆ. ಅಂಕಿ ಕಂಡರೆ ಗಿರಾಕಿ ಹೆದರುತ್ತಾನೆ ಎಂದು ಯಜಮಾನರು ಅದನ್ನು ಅಳಿಸಿ ‘ಕಾಫಿ’ ಎಂದು ಹಾಕಿದರು. ಬಂದದ್ದು ಹಸಿರೂ ಅಲ್ಲದ ನೀಲಿಯೂ ಅಲ್ಲದ ಒಂದು ತಿಳಿ ಬಣ್ಣ. ಕೊಡಗಿನ ಪುಡಿ ತರಿಸಿ ವ್ಯಾಪಾರ ಮಾಡುವವರು. ಕಾಫಿ ಹೇಗಿರುತ್ತದೆ ಎಂದು ಅವರಿಗೆ ಒಂದು ಅಂದಾಜಿತ್ತು.

“ಇದು ಲೋಟ ತೊಳೆದ ನೀರು. ನಾವು ಚೆಲ್ತೀವಿ, ನೀವು ಮಾರ್ತೀರಾ?”

ಹೊಗೆಸೊಪ್ಪು

ಕೊನೆಯ ಆಸೆ ರಾವಂದೂರು ಕಡೆಯ ಒಬ್ಬ ಹೊಗೆಸೊಪ್ಪು ಬೆಳೆಗಾರರು. ಪುಟಕ್ಕೆ ಹೊಗೆಸೊಪ್ಪಿನ ಬಣ್ಣವೇ ಬೇಕೆಂದಿದ್ದರು. ಅವರು ಒಪ್ಪಿದರೆ ಪಿರಿಯಾಪಟ್ಟಣದ ಅರ್ಧ ಬೆಳೆಗಾರರು ಹಿಂದೆಯೇ ಬರುತ್ತಾರೆ ಎಂದು ಯಜಮಾನರ ಎಣಿಕೆ. ತೀರ್ಪು ನೋಡಲು ಮಾವನೂ ಬಂದು ಬೆಂಚಿನ ಮೇಲೆ ಕೂತಿದ್ದರು. ಈಗಲಾದರೂ ಕೋಡ್ ಹಾಕೋಣ ಎಂದು ಕೇಳಿಕೊಂಡೆ. ಮಾವನ ಎದುರಿಗೆ ಸಂಬಳದವನಿಂದ ಹೇಳಿಸಿಕೊಳ್ಳುವುದು ಯಜಮಾನರಿಗೆ ಒಗ್ಗಲಿಲ್ಲ. ‘ಟೊಬ್ಯಾಕೊ’ ಎಂದು ಒತ್ತಿದರು.

ಪರದೆ ಹಚ್ಚ ಹಸಿರಾಯಿತು.

ಸೊಪ್ಪನ್ನು ಬ್ಯಾರನ್ ಎಂಬ ಬಿಸಿಗಾಳಿಯ ಮನೆಯಲ್ಲಿ ಬೇಯಿಸಿ ಹೊಂಬಣ್ಣಕ್ಕೆ ತರುವುದರಲ್ಲೇ ತಲೆ ನರೆತವರು ಆ ಬೆಳೆಗಾರರು. ಬಗ್ಗಿ ನೋಡಿ, “ಬೆಂದೇ ಇಲ್ವಲ್ಲ ಸ್ವಾಮಿ” ಎಂದರು.

ಯಜಮಾನರು ಗಾಬರಿಯಿಂದ ಇನ್ನೊಂದು ಬ್ರೌಸರ್ ತೆರೆದರು. ಪುಟ ಬೆಳ್ಳಗೆ ಕೂತಿತ್ತು.

“ಈಗ ಬೂದಿ ಆಗೋಯ್ತು.” ಬೆಳೆಗಾರರು ಟವೆಲ್ಲನ್ನು ಹೆಗಲಿಗೇರಿಸಿದರು. “ಅದ್ರಲ್ಲಿ ಹಸಿ, ಇದ್ರಲ್ಲಿ ಬೂದಿ. ನಡುವೆ ಬೇಯ್ಸೋ ಮಿಷಿನ್ ಬಂದಾಗ ಹೇಳ್ಕಳ್ಸಿ, ಬತ್ತೀನಿ.”

ಅವರು ಮೆಟ್ಟಿಲಿಳಿದ ಮೇಲೆ ಯಜಮಾನರು ಮೆಲ್ಲಗೆ ನನ್ನನ್ನು ಕೇಳಿದರು: “ಅಂಥದ್ದು ಮೈಸೂರಲ್ಲಿ ಸಿಗ್ತದೇನ್ರೀ?”

ಉತ್ತರ ಕೊಟ್ಟವರು ಮಾವ.

“ಜೆರಾಕ್ಸ್ ಮಿಷಿನ್ ಸಿಗ್ತದೆ ಅಳಿಯಂದ್ರೇ. ಅದ್ರಲ್ಲಿರೋದು ಕಪ್ಪು, ಬಿಳಿ ಎರಡೇ. ಎರಡೂ ನಿಮ್ಗೆ ಆಗ್ಲೇ ಬತ್ತವೆ.”