ಠಾಣೆಯಲ್ಲಿ ಹರಕೆಯ ಕೋಳಿ

ನಾನು ನೇರ ಮಾತಿನ ಮನುಷ್ಯ. ಬೇರೆ ಯಾರೂ ಹೇಳದ ಕಾರಣ ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಪುಂಜಾಲಕಟ್ಟೆ ಬದಿಯ ನಮ್ಮ ಊರಿಗೆ ಮರಳಿದ ಮೇಲೆ, ನಾನೂ ಸುಮ್ಮನೆ ಕುಳಿತರೆ ದೇಶದ ಗತಿ ಏನು ಎಂಬ ಚಿಂತೆ ಹತ್ತಿತು. ಮೂಡಬಿದಿರೆಗೆ ಹೋಗಿ ಮೊಬೈಲು ಸಿಕ್ಕಿಸುವ ಕೋಲು, ಅಂಗಿಗೆ ಸಿಕ್ಕಿಸುವ ಮೈಕು ತಂದೆ. ಹೀಗೆ 'ಜಯರಾಮನ ಜಗಲಿ' ಎಂಬ ಯೂಟ್ಯೂಬ್ ಚಾನೆಲ್ ಉದ್ಘಾಟನೆಯಾಯಿತು. ರಾಜಕಾರಣಿಗಳ ಎರಡು ನಾಲಗೆ, ದೇಶದ ಭದ್ರತೆ, ನಮ್ಮ ಆಚರಣೆಗಳಿಗೆ ಸರಕಾರ ಹಾಕುವ ಮೂಗುದಾರ... ವಿಷಯಕ್ಕೆ ಬರವಿರಲಿಲ್ಲ. ವೀಕ್ಷಕರಿಗೆ ಸ್ವಲ್ಪ ಬರವಿತ್ತು.

ಆ ಬರ ನೀಗಿಸಿದವನು ಫರಂಗಿಪೇಟೆಯ ಭೋಜಣ್ಣ. ಎದುರು ಪಕ್ಷದ ಮುಖಂಡ. ತನ್ನ ಗದ್ದೆಯಲ್ಲಿ ಕೋಳಿ ಅಂಕ ಇಟ್ಟಿದ್ದ. ಕೋಳಿಗಳ ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸುವುದು, ಸುತ್ತ ನಿಂತವರು ಪಂಥ ಕಟ್ಟುವುದು. "ಕಾನೂನು ಎಲ್ಲಿ ಮಲಗಿದೆ? ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಒಂದು ನ್ಯಾಯವೇ?" ಎಂದು ಜಗಲಿಯಿಂದ ಗುಡುಗಿದೆ. ಕಾನೂನು ಎದ್ದಿತು. ಪೊಲೀಸರು ಹೋಗಿ ಭೋಜಣ್ಣನ ಕೋಳಿಗಳನ್ನೆಲ್ಲ ಹಿಡಿದು ತಂದರು. ನನ್ನ ವೀಕ್ಷಕರು ಒಮ್ಮೆಲೇ ಏರಿದರು. ನಾನೂ ನೆಲದಿಂದ ಸ್ವಲ್ಪ ಮೇಲೆಯೇ ನಡೆಯತೊಡಗಿದೆ.

ಮುಂದಿನ ತಿಂಗಳು ನಮ್ಮ ಊರಿನಲ್ಲಿ ದೈವದ ನೇಮೋತ್ಸವ ಮುಗಿದ ಮರುದಿನ ನಮ್ಮದೇ ಪಕ್ಷದ ಹುಡುಗರು ಕೋಳಿ ಅಂಕ ಇಟ್ಟರು. ಅದೇ ಕೋಳಿ, ಅದೇ ಕತ್ತಿ, ಅದೇ ಪಂಥ. ಆದರೆ ಭೋಜಣ್ಣನದ್ದು ಜೂಜು, ನಮ್ಮದು ಪರಂಪರೆ! ಇಷ್ಟು ಸ್ಪಷ್ಟವಾದ ವ್ಯತ್ಯಾಸ ಬೇರೆಯವರಿಗೆ ಯಾಕೆ ಕಾಣುವುದಿಲ್ಲ ಎಂಬುದೇ ನನಗೆ ಸೋಜಿಗ. 'ಕೋಳಿ ಅಂಕ ಮತ್ತು ನಮ್ಮ ಧಾರ್ಮಿಕ ಸ್ವಾತಂತ್ರ್ಯ' ಎಂಬ ವಿಷಯದ ಮೇಲೆ ಗದ್ದೆಯಿಂದಲೇ ನೇರ ಪ್ರಸಾರ ಮಾಡುವುದೆಂದು ತೀರ್ಮಾನಿಸಿದೆ.

ಒಂದು ಕೊರತೆ ಕಂಡಿತು. ಕೈಯಲ್ಲಿ ಒಂದು ಕೋಳಿ ಇದ್ದರೆ ಮಾತಿಗೆ ತೂಕ ಬರುತ್ತದೆ. ನಮ್ಮ ಮನೆಯಲ್ಲಿ ಒಂದು ಇತ್ತು. ಬೆಳ್ಳಗೆ, ಎದೆಯುಬ್ಬಿಸಿ ನಡೆಯುವ ಹುಂಜ. ಹೆಂಡತಿ ಸುಮತಿ ಅದನ್ನು 'ಬೊಳ್ಳೆ' ಎಂದು ಕರೆಯುತ್ತಿದ್ದಳು. ತನ್ನ ಅಮ್ಮನ ಕಣ್ಣಿನ ಆಪರೇಷನ್ ಸುಸೂತ್ರವಾದರೆ ಮನೆಯ ದೈವಕ್ಕೆ ಒಪ್ಪಿಸುತ್ತೇನೆಂದು ಹರಕೆ ಹೇಳಿ ಮರಿಯಿಂದ ಸಾಕಿದ್ದಳು. ಆಪರೇಷನ್ ಆಗಿತ್ತು. ಬರುವ ಮಂಗಳವಾರ ದೈವಕ್ಕೆ ಅಗೆಲು, ಅಂದರೆ ಕೋಳಿ ಅಡುಗೆಯ ಎಡೆ ಬಡಿಸುವುದು, ನೆಂಟರೆಲ್ಲ ಊಟಕ್ಕೆ ಬರುವುದು ಎಂದು ಗೊತ್ತಾಗಿತ್ತು. ಸುಮತಿ ಆ ದಿನ ಬೆಳ್ತಂಗಡಿಗೆ, ಅಮ್ಮನ ಮನೆಗೆ ಹೋಗಿದ್ದಳು. ನಾನು ಬೊಳ್ಳೆಯನ್ನು ಕಾದಾಟಕ್ಕೆ ಬಿಡುವವನಲ್ಲ. ಬರೀ ಕಂಕುಳಲ್ಲಿ ಹಿಡಿದುಕೊಳ್ಳುವುದು. ಅವಳು ಬರುವುದರೊಳಗೆ ಗೂಡಿಗೆ ವಾಪಸ್. ಇದರಲ್ಲಿ ತಪ್ಪುವುದಕ್ಕೆ ಏನಿದೆ?

ಪ್ರಸಾರ ಚೆನ್ನಾಗಿಯೇ ಶುರುವಾಯಿತು. "ವೀಕ್ಷಕರೇ, ಸಂಪ್ರದಾಯದಲ್ಲಿ ರಾಜಿ ಎಂಬ ಪ್ರಶ್ನೆಯೇ ಇಲ್ಲ" ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ "ಪೊಲೀಸ್!" ಎಂದು ಬೊಬ್ಬೆ ಹಾಕಿದರು. ಗದ್ದೆ ತುಂಬಿದ್ದ ಜನ ಲುಂಗಿ ಎತ್ತಿ ಕಟ್ಟಿ ನಾಲ್ಕೂ ದಿಕ್ಕಿಗೆ ಓಡಿದರು. ಪರಂಪರೆಯನ್ನು ಉಳಿಸಲು ಹೊರಟ ಹುಡುಗರು ಎಲ್ಲರಿಗಿಂತ ಮುಂದೆ ಇದ್ದರು. ನಾನು ಓಡಲಿಲ್ಲ. ನೇರ ಮಾತಿನ ಮನುಷ್ಯ ಓಡುವುದುಂಟೇ? ಮೇಲಾಗಿ ಮಂಡಿ ನೋವು.

ಎಸ್‌ಐ ಹತ್ತಿರ ಬಂದರು. ಖಾಲಿ ಗದ್ದೆಯ ನಡುವೆ ಒಂದು ಕೈಯಲ್ಲಿ ಮೊಬೈಲಿನ ಕೋಲು, ಇನ್ನೊಂದು ಕಂಕುಳಲ್ಲಿ ಕೋಳಿ ಹಿಡಿದು ನಾನೊಬ್ಬನೇ.

"ನಾನು ಮಾಧ್ಯಮದವ" ಎಂದೆ.

"ಕೋಳಿಯೂ ಮಾಧ್ಯಮದ್ದಾ?" ಎಂದರು. ಆಮೇಲೆ ಮುಖ ನೋಡಿ, "ಅರೆ, ಜಗಲಿಯ ಜಯರಾಮಣ್ಣ ನೀವೇ ಅಲ್ವಾ? ಕಾನೂನು ಎಲ್ಲಿ ಮಲಗಿದೆ ಅಂತ ಕೇಳಿದ್ದು? ಈ ಸಲ ನಿದ್ರೆ ಮಾಡಲಿಲ್ಲ ನೋಡಿ. ಬನ್ನಿ, ಜೀಪು ಅಲ್ಲಿ ಉಂಟು" ಎಂದರು.

ಗಡಿಬಿಡಿಯಲ್ಲಿ ಪ್ರಸಾರ ನಿಲ್ಲಿಸಲು ಮರೆತಿದ್ದೆ. ಬೆಳ್ತಂಗಡಿಯಲ್ಲಿ ಸುಮತಿ ಅಮ್ಮನಿಗೆ ಪ್ರೀತಿಯಿಂದ ಮೊಬೈಲು ಹಿಡಿದು ತೋರಿಸುತ್ತಿದ್ದಳಂತೆ. ಆಪರೇಷನ್ ಆದ ಕಣ್ಣಿನಿಂದ ನನ್ನ ಅತ್ತೆ ಸ್ಪಷ್ಟವಾಗಿ ಕಂಡ ಮೊದಲ ದೃಶ್ಯ, ಅಳಿಯ ಜೀಪು ಹತ್ತುವುದು!

ಸಂಜೆ ನನ್ನನ್ನು ಬಿಟ್ಟರು. ಬೊಳ್ಳೆಯನ್ನು ಬಿಡಲಿಲ್ಲ. ಅದು ಈಗ ಸಾಕ್ಷ್ಯ. ಮನೆಗೆ ಬಂದರೆ ಸುಮತಿ ಖಾಲಿ ಗೂಡಿನ ಎದುರು ನಿಂತಿದ್ದಾಳೆ. ಅವಳು ಬೈಯಲಿಲ್ಲ. ಕಣ್ಣು ಒರೆಸಿಕೊಂಡಳು. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಬೇರೆ ಒಂದು ಬಿಳಿ ಹುಂಜ ತರುವ. ದೈವಕ್ಕೆ ಎಲ್ಲ ಕೋಳಿಯೂ ಒಂದೇ ಅಲ್ವಾ?" ಎಂದೆ ಮೆಲ್ಲಗೆ.

"ಎಂತ ಮಾತಾಡ್ತೀರಿ? ಹೆಸರು ಹೇಳಿ ಬಿಟ್ಟ ಕೋಳಿ ಅದು. ಸಂಪ್ರದಾಯದಲ್ಲಿ ರಾಜಿ ಇಲ್ಲ ಅಂತ ಬೆಳಗ್ಗೆ ಯಾರು ಹೇಳಿದ್ದು? ನಾಳೆ ಅಮ್ಮನ ಕಣ್ಣಿಗೆ ಏನಾದರೂ ಆದರೆ ಯಾರ ಹತ್ತಿರ ಹೇಳುವುದು ಮಾರಾಯ್ರೆ?"

ಮರುದಿನ ಠಾಣೆಗೆ ಹೋದೆ. ಬೊಳ್ಳೆ ಪಂಜರದಲ್ಲಿ ಹಾಯಾಗಿ ಅಕ್ಕಿ ತಿನ್ನುತ್ತಿತ್ತು. ನನ್ನನ್ನು ಕಂಡು ಬೆನ್ನು ತಿರುಗಿಸಿತು. ನಾನು ಎಸ್‌ಐಗೆ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಸುದೀರ್ಘವಾಗಿ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಸಮ ಜಯರಾಮಣ್ಣ. ಕಳೆದ ತಿಂಗಳು ಭೋಜಣ್ಣನೂ ಇದನ್ನೇ ಹೇಳಿದ್ದು. ಆಗ ಬಿಡಲಿಲ್ಲ. ಈಗ ನಿಮಗೆ ಬಿಟ್ಟರೆ ಒಬ್ಬರಿಗೆ ಒಂದು ನ್ಯಾಯ, ಇನ್ನೊಬ್ಬರಿಗೆ ಒಂದು ನ್ಯಾಯ ಅಂತ ನೀವೇ ವೀಡಿಯೊ ಮಾಡ್ತೀರಿ! ಕೋರ್ಟಿನ ಆದೇಶ ಆಗಿದೆ. ಸೋಮವಾರ ಕೋಳಿಗಳ ಏಲಂ. ಈ ಕೇಸಿನಲ್ಲಿ ಇರುವವರು ಏಲಂ ಕೂಗುವ ಹಾಗಿಲ್ಲ."

ಅಂದರೆ ಸೋಮವಾರ ಬೊಳ್ಳೆ ಯಾರದೋ ಪಾಲು, ಸಂಜೆಗೆ ಯಾರದೋ ಮನೆಯಲ್ಲಿ ಕೋಳಿ ಸುಕ್ಕ! ನನ್ನ ಪರವಾಗಿ ಕೂಗಲು ನಮ್ಮ ಪಕ್ಷದ ಹುಡುಗರಿಗೆಲ್ಲ ಫೋನು ಮಾಡಿದೆ. ಒಬ್ಬನಿಗೆ ಜ್ವರ, ಒಬ್ಬ ಘಟ್ಟದ ಮೇಲೆ, ಒಬ್ಬನ ಫೋನೇ ಆಫ್. ವೀಡಿಯೊದ ಕೆಳಗೆ ದಿನಾ ಕೈ ಮುಗಿಯುವ ಚಿತ್ರ ಹಾಕುತ್ತಿದ್ದವರು ನಿಜವಾಗಿಯೂ ಕೈ ಮುಗಿದರು.

ಭಾನುವಾರ ಸುಮತಿ ನನ್ನನ್ನು ಕೇಳದೆ ಭೋಜಣ್ಣನಿಗೆ ಫೋನು ಮಾಡಿದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಇಷ್ಟು ದಿನ ಊರಿಡೀ ಯಾರನ್ನು ಬೈದೆನೋ ಅವನ ಮುಂದೆ ನನ್ನ ಹೆಂಡತಿ ಕೋಳಿಗಾಗಿ ಅಂಗಲಾಚುವುದನ್ನು ಕೇಳಿದಾಗ ನಿಜವಾಗಿಯೂ ನಾಚಿಕೆಯಾಯಿತು.

ಸೋಮವಾರ ಮಧ್ಯಾಹ್ನದವರೆಗೆ ಜಗಲಿಯಲ್ಲಿ ಶತಪಥ ಹಾಕಿದೆ. ಕೊನೆಗೆ ಅಂಗಳಕ್ಕೆ ಬೈಕು ಬಂತು. ಭೋಜಣ್ಣ ಇಳಿದ. ಕಂಕುಳಲ್ಲಿ ಬೊಳ್ಳೆ!

"ತಗೊಳ್ಳಿ ಅಕ್ಕ" ಎಂದು ಸುಮತಿಯ ಕೈಗೆ ಕೊಟ್ಟ. "ಹರಕೆಯದ್ದು ಅಂತ ಹೇಳಿದೆ. ಮತ್ತೆ ಯಾರೂ ಮೇಲೆ ಕೂಗಲಿಲ್ಲ. ಎಲ್ಲ ಪಕ್ಷದವರೂ ಇದ್ದರು."

"ಸ್ಟೇಷನ್ನಿನ ಅಕ್ಕಿ ತಿಂದ ಕೋಳಿ, ದೈವಕ್ಕೆ ಆಗ್ತದಾ ಭೋಜಣ್ಣ?" ಎಂದು ಸುಮತಿ ಅನುಮಾನಿಸಿದಳು.

"ದೈವಕ್ಕೆ ಕೇಸು ಗೀಸು ಇಲ್ಲ ಅಕ್ಕ. ಒಪ್ಪಿಸಿ."

ನಾನು ಗಂಟಲು ಸರಿಮಾಡಿಕೊಂಡು, "ಭೋಜಣ್ಣ, ಆ ವೀಡಿಯೊ..." ಎಂದೆ.

"ನೋಡಿದ್ದೇನೆ ಮಾರಾಯ್ರೆ. ನನ್ನ ಕೋಳಿಗಳು ಏಲಂ ಆಗುವಾಗ ಹರಕೆ ಅಂತ ಹೇಳಿದರೂ ಯಾರೂ ನಂಬಲಿಲ್ಲ. ನಿಮ್ಮ ವೀಡಿಯೊ ನೋಡಿ ಬಂದಿದ್ದರಲ್ಲ!" ಎಂದು ನಕ್ಕ. ಆ ನಗುವಿನಲ್ಲಿ ಬೇಸರವೂ ಇತ್ತು.

ಮಂಗಳವಾರ ಅಗೆಲು ಸಾಂಗವಾಗಿ ಆಯಿತು. ಊಟಕ್ಕೆ ಭೋಜಣ್ಣನೂ ಬಂದ. ಬಡಿಸುವ ಕೆಲಸ ನನ್ನ ಪಾಲಿಗೆ ಬಂತು, ಯಾರು ಹೇಳಿದರೆಂದು ಬೇರೆ ಹೇಳಬೇಕಿಲ್ಲ. ಅತ್ತೆ ಹೊಸ ಕಣ್ಣಿನಿಂದ ಅವನನ್ನು ನೋಡಿ, ನನ್ನನ್ನು ನೋಡಿ, "ಇವರು ಯಾವ ಪಕ್ಷ?" ಎಂದು ವಿಚಾರಿಸಿದರು. ಸುಮತಿ ಹೇಳಿದಳು. "ಓ, ಹಾಗಾದರೆ ಇನ್ನೊಂದು ತುಂಡು ಹಾಕಿ ಅವರಿಗೆ" ಎಂದು ನನಗೆ ಅಪ್ಪಣೆಯಾಯಿತು. ಹಾಕಿದೆ.

ಒಂದು ಮಾತು ಗಂಭೀರವಾಗಿಯೇ ಹೇಳುತ್ತೇನೆ. ದೈವದ ಕಾರ್ಯದಲ್ಲಿ ಸರಕಾರ ಮೂಗು ತೂರಿಸಬಾರದು ಎಂಬುದು ಇವತ್ತಿಗೂ ನನ್ನ ಅಭಿಪ್ರಾಯ. ರಾಜಕೀಯದಲ್ಲಿ ಎರಡು ನಾಲಗೆಯವರು ತುಂಬಿದ್ದಾರೆ ಎಂಬುದೂ ನಿಜ. ಅಂಥವನೊಬ್ಬನನ್ನು ತೀರಾ ಹತ್ತಿರದಿಂದ ಬಲ್ಲೆ. ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಸಿಗುತ್ತಾನೆ.

'ಜಯರಾಮನ ಜಗಲಿ' ಈಗಲೂ ನಡೆಯುತ್ತಿದೆ. ದೇಶದ ಗಡಿ ಭದ್ರತೆಯ ವಿಷಯ ಮಾತ್ರ ತೆಗೆದುಕೊಳ್ಳುತ್ತೇನೆ. ಹಿಮಾಲಯದ ತುದಿಯವರೆಗೂ ಯಾರಿಗೂ ಹೆದರದೆ ಖಡಾಖಂಡಿತವಾಗಿ ಮಾತಾಡುತ್ತೇನೆ. ಅಲ್ಲಿ ಭೋಜಣ್ಣ ಇಲ್ಲ, ಎಸ್‌ಐ ಇಲ್ಲ, ಮುಖ್ಯವಾಗಿ ಸುಮತಿಯ ಕೋಳಿಗೂಡು ಇಲ್ಲ!