ಮಾಸ್ತರರ ಮನೆಯ ಕಟಗಿ ಕಟ್ಟಿ

ಬಡಗಿಯ ಕೆಲಸ ಅಂದಮೇಲೆ ಬೆರಳಿಗೆ ಸುತ್ತಿಗೆ ಬೀಳುವುದು, ಅಳತೆ ತಪ್ಪುವುದು, ಗಿರಾಕಿ ಬೈಯುವುದು ಇದ್ದದ್ದೇ. ನನಗೆ ಇವುಗಳ ಜತೆಗೆ ಹೆದರಿಕೆಯೂ ಇದೆ. ಹಲ್ಲಿ ಮೈಮೇಲೆ ಬಿದ್ದರೆ ಹೆದರುತ್ತೇನೆ. ಬೀಳದೆ ಗೋಡೆಯ ಮೇಲೇ ಕುಳಿತಿದ್ದರೆ ಯಾವಾಗ ಬಿದ್ದೀತೋ ಎಂದು ಇನ್ನೂ ಹೆಚ್ಚು ಹೆದರುತ್ತೇನೆ. ಇಂಥವನ ಕೈಗೆ ಏನು ಕೆಲಸ ಕೊಟ್ಟರೂ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ. ಬಾಗಿಲು, ಕಿಟಕಿ, ಮಂಚ, ದೇವರ ಜಗಲಿ ಮಾಡಿಕೊಂಡು ಸುಮ್ಮನಿದ್ದೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಅಂಗಡಿಯ ಮುಂದೆ ಒಬ್ಬರು ಬಂದು ನಿಂತರು. ನೋಡಿದ್ದೇ ತಡ, ಕೈಯಲ್ಲಿದ್ದ ಉಳಿ ಕೆಳಗೆ ಬಿತ್ತು. ತಿಕೋಟಾದ ಸಾಲಿಯಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರು! ಲೆಕ್ಕ ತಪ್ಪಿದರೆ ಅವರದು ಒಂದೇ ಮಾತು, "ಕೈ ಮುಂದ ಮಾಡಲೇ." ಆಮೇಲೆ ಬೆತ್ತ ಮಾತಾಡುತ್ತಿತ್ತು. ಈಗ ನನ್ನ ತಲೆ ಬೆಳ್ಳಗಾಗಿದೆ, ಮಗಳ ಮದುವೆ ಮಾಡಿದ್ದೇನೆ. ಆದರೂ ಅವರನ್ನು ಕಂಡು ಅಂಗೈ ಬೆವರಿತು.

ಮಾಸ್ತರು ನಿವೃತ್ತರಾಗಿ ಬಬಲೇಶ್ವರದ ಹತ್ತಿರ, ಜೈನಾಪುರದ ದಾರಿಯ ಹೊಲದಲ್ಲಿ ಮನೆ ಕಟ್ಟಿಸಿದ್ದರು. ಗೋವಾಕ್ಕೆ ಹೋದಾಗ ಹೋಟೆಲಿನ ಮುಂದೆ ಕಂಬಗಳ ಮೇಲೆ ಮರದ ಹಲಗೆ ಜೋಡಿಸಿದ ಕಟ್ಟೆಯೊಂದನ್ನು ನೋಡಿ ಬಂದಿದ್ದರು. ಅದಕ್ಕೆ ಡೆಕ್ ಅನ್ನುತ್ತಾರಂತೆ.

"ನನ್ನ ಮಗಳು ಬಸರದಾಳ. ಯುಗಾದಿ ಹೊತ್ತಿಗೆ ಆಕಿ ಕುಬಸ ಅಂಥಾ ಕಟ್ಟಿ ಮ್ಯಾಲೇ ಆಗಬೇಕು. ಮಾಡಾಕ ಬರತೈತೇನು?" ಎಂದರು.

"ಬರತೈತ್ರಿ ಸರ್" ಎಂದಿತು ನನ್ನ ಬಾಯಿ. ಡೆಕ್ ಹೇಗಿರುತ್ತದೆ ಎಂದು ಅವರು ಹೋದ ಮೇಲೆ ಮೊಬೈಲಿನಲ್ಲಿ ನೋಡಿದೆ. ಕುಬಸ ಅಂದರೆ ಸೀಮಂತ. ಮೇಲೆ ಬಸುರಿ ಹೆಣ್ಣುಮಗಳು, ಸುತ್ತ ಊರ ಹೆಂಗಸರು, ಅವರೆಲ್ಲರ ಕೆಳಗೆ ನನ್ನ ಕೆಲಸ. ಅದು ಮುರಿದು ಬಿದ್ದರೆ? ಯುಗಾದಿಯವರೆಗೂ ಈ ಒಂದು ಪ್ರಶ್ನೆ ನನ್ನನ್ನು ಮಲಗಗೊಡಲಿಲ್ಲ.

ಹಸಿರು ಹಲಗೆ

ಬಿಸಿಲು ಮಳೆಯಲ್ಲಿ ನಿಲ್ಲುವ ಕಟ್ಟೆಗೆ ಎಂಥದೋ ಮರ ನಡೆಯುವುದಿಲ್ಲ. ಗೆದ್ದಲು ಹತ್ತದಂತೆ ಯಂತ್ರದೊಳಗೆ ಒತ್ತಡ ಕೊಟ್ಟು ಮರದ ಒಳತನಕ ಔಷಧ ತುಂಬಿದ ಪೈನ್ ಹಲಗೆ ಬೇಕು. ಹುಬ್ಬಳ್ಳಿಯಿಂದ ತರಿಸಿದೆ. ತಿಳಿಹಸಿರು ಬಣ್ಣ, ಮುಟ್ಟಿದರೆ ಇನ್ನೂ ಹಸಿ ಹಸಿ. ಮಾರಿದವನು ಫೋನಿನಲ್ಲಿ ಎಚ್ಚರಿಸಿದ, "ಕೊಯ್ಯಾಗ ಮೂಗಿಗೆ ಬಟ್ಟಿ ಕಟ್ಕೋರಿ. ಕೈ ತೊಳಕೊಂಡು ಉಣ್ರಿ. ಉಳದ ತುಂಡು ಒಲಿಗೆ ಹಾಕಬ್ಯಾಡ್ರಿ, ಆ ಹೊಗಿ ಕೆಟ್ಟದ್ದು."

ನನಗೆ ಇಷ್ಟು ಸಾಕಾಯಿತು. ಅಂದು ಸಾಬೂನು, ಬೂದಿ, ನಿಂಬೆಹಣ್ಣು ಎಲ್ಲ ಹಾಕಿ ಕೈ ತಿಕ್ಕಿದರೂ ಧೈರ್ಯ ಬರಲಿಲ್ಲ. ಜೋಳದ ರೊಟ್ಟಿಯನ್ನು ಎರಡು ಚಮಚ ಹಿಡಿದು ಹರಿಯುತ್ತ ಕುಳಿತೆ. ಹೆಂಡತಿ ಬಹಳ ಹೊತ್ತು ನೋಡಿ, "ಏನರ ಆಗೇತೇನ್ರಿ ನಿಮಗ?" ಎಂದಳು. ಕಟ್ಟಿಗೆಯ ಔಷಧದ ಮಾತು ಹೇಳಿದೆ. ಅವಳು ತನ್ನ ತಾಟು ಎತ್ತಿಕೊಂಡು ಪಡಸಾಲೆಗೆ ಹೋದಳು.

ಇತ್ತ ಮಾಸ್ತರರ ಮನೆಯಲ್ಲಿ ಬೇರೆ ಫಜೀತಿ. ಮಾಸ್ತರರ ಹೆಂಡತಿಯನ್ನು ನಾವೆಲ್ಲ ಅವ್ವಾರು ಅನ್ನುತ್ತೇವೆ. ಅವರು ಕೊಯ್ದುಳಿದ ತುಂಡುಗಳನ್ನು ಆರಿಸಿ ನೀರೊಲೆಯ ಹತ್ತಿರ ಒಟ್ಟತೊಡಗಿದರು. ಬ್ಯಾಡ್ರಿ ಎನ್ನಬೇಕು. ಎಂದರೆ ಯಾಕೆ ಎಂದು ಮಾಸ್ತರು ಕೇಳುತ್ತಾರೆ. ಮಗಳ ಕುಬಸಕ್ಕೆ ವಿಷದ ಕಟಗಿ ತಂದೆಯಾ ಎಂದರೆ ನಾನೇನು ಹೇಳಲಿ? ಅದಕ್ಕೆ ಸಂಜೆಗೊಮ್ಮೆ ಯಾರೂ ನೋಡದಾಗ ತುಂಡುಗಳನ್ನು ಚೀಲಕ್ಕೆ ತುಂಬಿ ಬೈಕಿಗೆ ಕಟ್ಟಿಕೊಂಡು ಬರುತ್ತಿದ್ದೆ. ಒಂದು ದಿನ ಗೇಟಿನ ಹತ್ತಿರ ಮಾಸ್ತರು ಹಿಡಿದರು.

"ಚೀಲದಾಗ ಏನೈತಲೇ?"

"ಕಟಗಿ ತುಂಡ್ರಿ ಸರ್."

"ಕದ್ದಿಯೇನು?"

ಒಂದು ಕಡೆ ವಿಷ, ಇನ್ನೊಂದು ಕಡೆ ಕಳ್ಳತನ. ಯಾವುದಕ್ಕೆ ಪೆಟ್ಟು ಕಡಿಮೆ ಎಂದು ಆ ಕ್ಷಣದಲ್ಲೇ ಲೆಕ್ಕ ಹಾಕಿದೆ. "ಹೌದ್ರಿ ಸರ್, ಕದ್ದೇನ್ರಿ" ಎಂದೆ. ಒಳಗಿನಿಂದ ಬಂದ ಅವ್ವಾರು, "ಅಯ್ಯ ಪಾಪ, ಮನ್ಯಾಗ ಒಲಿಗೆ ಕಟಗಿ ಇಲ್ಲಂತ ಕಾಣತೈತಿ" ಎಂದು ಒಂದು ಹೊರೆ ಜಾಲಿಕಟ್ಟಿಗೆ ಕೊಟ್ಟರು. ಗ್ಯಾಸಿನ ಒಲೆಯಿರುವ ನನ್ನ ಮನೆಗೆ ಆ ಹೊರೆಯನ್ನೂ ಹೊತ್ತುಕೊಂಡು ಬಂದೆ.

ಕೆಂಪು ಪೆನ್ನು

ಹಲಗೆ ಹಸಿಯಿದ್ದಾಗ ಒಂದಕ್ಕೊಂದು ಒತ್ತಿ ಕೂರಿಸಬೇಕು, ಒಣಗಿದಂತೆ ತಾನೇ ಸಂದಿ ಬಿಡುತ್ತದೆ. ಹಾಗೆಯೇ ಮಾಡಿದ್ದೆ. ಮಾಸ್ತರು ಕಾಗದದ ಹಾಳೆ ತಂದು ಸಂದಿಗೆ ತೂರಿಸಿ ನೋಡಿದರು. ತೂರಲಿಲ್ಲ. "ಹ್ಞೂಂ" ಎಂದರು. ಸಾಲಿಯಲ್ಲಿ ಒಮ್ಮೆಯೂ ನನಗೆ ಸಿಗದಿದ್ದ ಹ್ಞೂಂ ಅದು. ಸಂಜೆ ಪೇಢೆ ತಿಂದೆ.

ಶಿವರಾತ್ರಿ ದಾಟಿತು. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಒಗೆದ ಬಟ್ಟೆ ಹಗ್ಗಕ್ಕೆ ಹಾಕುವುದರೊಳಗೆ ಒಣಗುತ್ತದೆ, ತುಟಿ ಒಡೆಯುತ್ತದೆ, ನೆಲ ಒಡೆಯುತ್ತದೆ. ಹಲಗೆಯೂ ಸೊರಗಿತು. ಹೋಗಿ ನೋಡಿದರೆ ಮಾಸ್ತರು ಕಟ್ಟೆಯ ಮೇಲೆ ಮೊಣಕಾಲೂರಿ ಕೂತಿದ್ದರು. ಕೈಯಲ್ಲಿ ಸಾಲಿಯ ಕಾಲದ ಅದೇ ಕೆಂಪು ಪೆನ್ನು.

"ಇಲ್ಲಿ ಸಂದಿ. ಇಲ್ಲಿ ಸಂದಿ. ಇದು ಕೆಲಸ ಅಂತಾರೇನಲೇ?" ಎಂದು ಪೆನ್ನಿನಿಂದ ಕುಟ್ಟಿ ತೋರಿಸುತ್ತಿದ್ದರು. ಹಾಗೆ ಕುಟ್ಟುವಾಗ ಪೆನ್ನು ಜಾರಿ ಸಂದಿಯೊಳಗೆ ಇಳಿದುಹೋಯಿತು.

"ತಗೊಂಡು ಬಾ" ಎಂದರು.

ಕಟ್ಟೆಯ ಕೆಳಗೆ ಮನುಷ್ಯ ತೆವಳುವಷ್ಟು ಜಾಗವಿತ್ತು. ಹಾವು, ಚೇಳು ಏನಾದರೂ ಇರಬಹುದು. ಆದರೆ ಒಲ್ಲೆ ಅಂದರೆ ಮಾಸ್ತರು ಬಿಡುವುದಿಲ್ಲ. ಹನುಮಪ್ಪನ ಹೆಸರು ಹೇಳುತ್ತ ಒಳಗೆ ನುಗ್ಗಿದೆ. ಮೇಲೆ ಸಂದಿಗಳಲ್ಲಿ ಬಿಸಿಲಿನ ಗೆರೆಗಳು, ನಡುವೆ ಮಾಸ್ತರರ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಪೆನ್ನು ಸಿಕ್ಕಿತು. ಆ ಪೆನ್ನು ಭೂಮಿಯೊಳಗೆ ಹೋಗಲಿ ಎಂದು ಸಣ್ಣವನಿದ್ದಾಗ ಅದೇ ಹನುಮಪ್ಪನಿಗೆ ಕಾಯಿ ಹರಕೆ ಹೊತ್ತಿದ್ದೆ. ಅವನು ಇಷ್ಟು ವರ್ಷಕ್ಕೆ ಕೇಳಿಸಿಕೊಂಡ, ಎತ್ತಿ ತರುವ ಕೆಲಸವನ್ನೂ ನನಗೇ ಹಚ್ಚಿದ.

ಅರ್ಧ ಮೀಸೆ

ಒಣಗುವ ಮರ ಸುಮ್ಮನೆ ಒಣಗುವುದಿಲ್ಲ. ಬಿಸಿಲಿಳಿದು ಗಾಳಿ ತಂಪಾದಾಗ ಟಪ್ ಎಂದು ಸಪ್ಪಳ ಮಾಡುತ್ತದೆ. ಒಂದು ಸಂಜೆ ಅವ್ವಾರು ಯಾರೋ ಕಟ್ಟೆಯ ಮೇಲೆ ನಡೆದಾಡುತ್ತಿದ್ದಾರೆಂದು ಬಾಗಿಲು ತೆರೆದರಂತೆ. ಯಾರೂ ಇಲ್ಲ. ಮತ್ತೆ ಟಪ್. ಮರುದಿನ ಕಟ್ಟೆಯ ನಾಲ್ಕೂ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

ನಾನು ಆಗ ಗಾಂಧಿ ಚೌಕದ ಕಟಿಂಗ್ ಅಂಗಡಿಯಲ್ಲಿ ಕುರ್ಚಿಯ ಮೇಲಿದ್ದೆ. ಮೊಬೈಲಿನಲ್ಲಿ ಮಾಸ್ತರರ ಹೆಸರು ಬಂತು. ಅವರ ಫೋನ್ ಬಂದರೆ ನಾನು ಎದ್ದು ನಿಲ್ಲುತ್ತೇನೆ, ಅದು ಹಳೆಯ ರೂಢಿ. ನಿಂತೆ. ಕತ್ತರಿಯೂ ನನ್ನ ಮೀಸೆಯೂ ಅದೇ ಹೊತ್ತಿಗೆ ಕೂಡಿದ್ದವು.

"ಕಟ್ಟಿ ಮುರಿಯಾಕತ್ತೈತಿ. ಈಗಿಂದೀಗ ಬಾ" ಎಂದು ಫೋನಿಟ್ಟರು. ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಬೈಕ್ ಹತ್ತಿದೆ. ಬಬಲೇಶ್ವರದವರೆಗೆ ದಾರಿಯುದ್ದಕ್ಕೂ ಜನ ನನ್ನನ್ನೇ ನೋಡುತ್ತಿದ್ದರು. ಕಟ್ಟೆ ಬಿದ್ದ ಸುದ್ದಿ ಆಗಲೇ ಊರೆಲ್ಲ ಮುಟ್ಟಿದೆ ಎಂದುಕೊಂಡೆ.

ಕಟ್ಟೆ ಗಟ್ಟಿಯಾಗಿಯೇ ಇತ್ತು. ಮೇಲೆದ್ದ ನಾಲ್ಕಾರು ಸ್ಕ್ರೂ ಬಿಗಿ ಮಾಡಿದೆ. ಮಾಸ್ತರು ಅದನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

"ಇನ್ನರ್ಧ ಮೀಸಿ ಎಲ್ಲೈತಲೇ?"

"ಗಾಂಧಿ ಚೌಕಿನ್ಯಾಗ ಐತ್ರಿ ಸರ್."

ಎಣ್ಣೆ

ಒಣಗಿದ ಡೆಕ್ಕಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಬೇಕು. ಅದು ಪೇಂಟಿನ ಅಂಗಡಿಯಲ್ಲಿ ಸಿಗುವ ಮರದ ಎಣ್ಣೆ, ತೆಳ್ಳಗೆ ಬಳಿಯಬೇಕು, ನಾನೇ ಬಂದು ಬಳಿಯುತ್ತೇನೆ, ಇಷ್ಟೆಲ್ಲ ಮಾಸ್ತರರಿಗೆ ಹೇಳಬೇಕಿತ್ತು. ಫೋನಿನಲ್ಲಿ ಅವರ ದನಿ ಕೇಳಿದ್ದೇ "ಎಣ್ಣಿ ಹಚ್ಚಬೇಕ್ರಿ ಸರ್" ಎಂದು ಇಟ್ಟುಬಿಟ್ಟೆ.

ಎರಡು ದಿನ ಬಿಟ್ಟು ಹೋದೆ. ಗೇಟಿನ ಹೊರಗೇ ಭಜಿ ಕರಿದ ವಾಸನೆ. ಅವ್ವಾರು ಒಂದು ಡಬ್ಬಿ ಶೇಂಗಾ ಎಣ್ಣೆಯನ್ನು ಇಡೀ ಕಟ್ಟೆಗೆ ಕೂಸಿಗೆ ಹಚ್ಚಿದಂತೆ ತಿಕ್ಕಿ ತಿಕ್ಕಿ ಹಚ್ಚಿದ್ದರು. ಮಧ್ಯಾಹ್ನದ ಬಿಸಿಲಿಗೆ ಅದು ಕಾದಿತ್ತು. ಹೊಲದ ಇರುವೆಗಳೆಲ್ಲ ಬಂದಿದ್ದವು. ಪಕ್ಕದ ಹೊಲದವರಿಬ್ಬರು "ಏನ್ ಕರದೀರಿ ಅವ್ವಾರ?" ಎಂದು ವಿಚಾರಿಸಿ ಹೋಗಿದ್ದರಂತೆ.

ಮಾಸ್ತರು ನೆರಳಲ್ಲಿ ಕೂತು ಕರೆದರು. ಅವರ ಮುಂದೆ ಚಪ್ಪಲಿ ಹಾಕಿಕೊಂಡು ನಿಲ್ಲುವ ಧೈರ್ಯ ನನಗೆಲ್ಲಿಯದು? ಬಿಟ್ಟು ಕಟ್ಟೆ ಹತ್ತಿದೆ. ಕಾದ ಹೆಂಚಿನ ಮೇಲೆ ಕಾಲಿಟ್ಟಂತಾಯಿತು. ಒಂದು ಕಾಲು ಎತ್ತಿದೆ, ಇನ್ನೊಂದು ಎತ್ತಿದೆ, ಮತ್ತೆ ಮೊದಲಿನದು. ಕೆಳಗೆ ಇರುವೆ ಬೇರೆ.

"ಕುಣೀಬ್ಯಾಡ. ನೆಟ್ಟಗ ನಿಂತು ಮಾತಾಡು" ಎಂದರು ಮಾಸ್ತರು.

ಕುಬಸ

ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಸರಿಯಾದ ಎಣ್ಣೆ ಬಳಿದೆ. ಯುಗಾದಿ ಮುಗಿದು ಕುಬಸದ ದಿನ ಬಂತು. ಕಟ್ಟೆಯ ಮೇಲೆ ಹಂದರ, ಸುತ್ತ ನೆಲ ಮುಟ್ಟುವ ಪರದೆ, ನಡುವೆ ಹಸಿರು ಸೀರೆಯುಟ್ಟು ಕುರ್ಚಿಯ ಮೇಲೆ ಕೂತ ಮಗಳು. ತಿಕೋಟಾ, ಅರಕೇರಿ, ಜೈನಾಪುರದಿಂದೆಲ್ಲ ಹೆಂಗಸರು ಬಂದು ಕಟ್ಟೆ ತುಂಬಿದರು. ಒಬ್ಬೊಬ್ಬರು ಹತ್ತಿದಾಗಲೂ ನನ್ನ ಎದೆ ಒಂದೊಂದು ಗೇಣು ಇಳಿಯುತ್ತಿತ್ತು.

ಪರದೆ ಎತ್ತಿ ಕೆಳಗೆ ಇಣುಕಿದೆ. ಬೇಸಿಗೆಗೆ ಎರೆ ನೆಲ ಬಾಯಿ ಬಿಟ್ಟಿತ್ತು. ನಡುವಿನ ಕಂಬದ ಬುಡಕ್ಕೇ ಪಾದ ಹೋಗುವಷ್ಟು ಬಿರುಕು. ಎಲ್ಲ ಕಂಬಕ್ಕೂ ಎರೆಯ ಕೆಳಗಿನ ಗಟ್ಟಿ ಗರಸು ಮಣ್ಣು ಸಿಗುವವರೆಗೆ ಅಗೆದಿದ್ದೆ. ಆದರೆ ಆ ಹೊತ್ತಿನಲ್ಲಿ ನಡುವಿನದೊಂದನ್ನು ಅಗೆದ ನೆನಪೇ ಆಗಲೊಲ್ಲದು. ಸರಿಯಾಗಿ ಅದರ ಮೇಲೆಯೇ ಮಗಳ ಕುರ್ಚಿ. ಬಾಯಿ ಬಿಟ್ಟು ಹೇಳಿದರೆ ಕುಬಸ ಕೆಡುತ್ತದೆ, ಹೇಳದಿದ್ದರೆ ಎರಡು ಜೀವದ ಪ್ರಶ್ನೆ. ಬೀಗರ ಕಾರಿನ ಡ್ರೈವರನನ್ನು ಕಾಡಿ ಜಾಕ್ ಇಸಿದುಕೊಂಡು, ಯಾರೂ ನೋಡದಂತೆ ಪರದೆಯೊಳಗೆ ನುಗ್ಗಿದೆ.

ಕತ್ತಲಲ್ಲಿ ತೆವಳುತ್ತ ನಡುವಿನ ಕಂಬದ ಹತ್ತಿರ ಬಂದೆ. ಎದುರಿನಿಂದ ಏನೋ ಸರಸರ ಬರುತ್ತಿತ್ತು. ಉಸಿರು ಬಿಡುತ್ತಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಯಾರಾಂವ?" ಎಂದಿತು ಅದು, ಪಿಸುದನಿಯಲ್ಲಿ.

ಆ ದನಿಗೆ ನನ್ನ ಬಾಯಿಂದ ಬರುವುದು ಒಂದೇ ಉತ್ತರ. "ಹಾಜರ್ರಿ ಸರ್."

ಮಾಸ್ತರು! ರೇಶ್ಮೆ ಅಂಗಿ, ತಲೆಗೆ ಪೇಟ, ಎರಡೂ ಕೈಯಲ್ಲಿ ಇಟ್ಟಂಗಿ. ಅವರೂ ಬಿರುಕು ನೋಡಿದ್ದರು.

"ಯಾರ ಮುಂದೂ ಹೇಳಬ್ಯಾಡ" ಎಂದರು. "ಮೂರು ದಿನದಿಂದ ಅನ್ನ ಸೇರವಲ್ದು ನನಗ. ನಿನ್ನ ಕೇಳಬೇಕಂದೆ. ಕೇಳಿದ್ರ ನೀ ಅಂಜಿ ಗಟ್ಟಿ ಐತ್ರಿ ಅಂತೀ. ನಿನ್ನ ಆ ಮಾತು ನಂಬಾದು ಹ್ಯಾಂಗ?"

ಮಾಸ್ತರರೂ ಅಂಜುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಪಾಪ ಅನ್ನಿಸಿತು. ಇಟ್ಟಂಗಿ ಇಸಿದುಕೊಂಡು ಅದರ ಮೇಲೆ ಜಾಕ್ ಇಡುತ್ತಿದ್ದೆ, ಅಷ್ಟರಲ್ಲಿ ಧೂಳು ಮೂಗಿಗೆ ಹೋಗಿ ಮಾಸ್ತರು ಸೀನಿದರು. ಅವರ ಸೀನು ಸಾಲಿಯಲ್ಲೇ ಮೂರು ಕೋಣೆಗೆ ಕೇಳುತ್ತಿತ್ತು.

ಮೇಲೆ ಸೋಬಾನೆ ಪದ ನಿಂತಿತು. "ಯವ್ವಾ, ಕೆಳಗ ಏನೋ ಐತಿ!" ಎಂದಳು ಒಬ್ಬಳು. "ಹಾವು!" ಎಂದಳು ಇನ್ನೊಬ್ಬಳು. ಅಷ್ಟೇ. ಕಟ್ಟೆ ತುಂಬಿದ ಹೆಂಗಸರು ಒಮ್ಮೆಲೇ ಎದ್ದು ಜಿಗಿದರು. ಧಡಧಡ ಧಡಧಡ. ಹಲಗೆ ಹಾರಿ ಬೀಳುತ್ತವೆ ಎಂದು ನಾವಿಬ್ಬರೂ ಕಣ್ಣು ಮುಚ್ಚಿ, ಎರಡೂ ಕೈಯಿಂದ ಕಟ್ಟೆಯನ್ನು ಎತ್ತಿ ಹಿಡಿದೆವು. ಎಷ್ಟು ಹೊತ್ತು ಹಿಡಿದೆವೋ ತಿಳಿಯದು. ಸಪ್ಪಳ ನಿಂತಿತು. ಕಟ್ಟೆ ಒಂದು ಕೂದಲೆಳೆಯಷ್ಟೂ ಕುಸಿದಿರಲಿಲ್ಲ. ಜಾಕ್ ಇನ್ನೂ ನನ್ನ ಮಗ್ಗುಲಲ್ಲೇ ಬಿದ್ದಿತ್ತು.

"ಬೀಳಲಿಲ್ಲಲೇ" ಎಂದರು ಮಾಸ್ತರು.

"ಬೀಳಲಿಲ್ರಿ ಸರ್" ಎಂದೆ. ಅಳು ಬಂತು.

ಎಲ್ಲರೂ ಇಳಿದು ಓಡಿದರೂ ಅವ್ವಾರು ಮಗಳನ್ನು ಬಿಟ್ಟು ಕದಲಿರಲಿಲ್ಲ. ಬಗ್ಗಿ ಸಂದಿಯಲ್ಲಿ ನೋಡಿದರು. ಒಳಗೆ ಫಳಫಳ ಹೊಳೆಯುವ ಕಣ್ಣುಗಳು. ಕೈಗೆ ಸಿಕ್ಕಿದ್ದು ಆರತಿಯ ತಾಟು. ಅರಿಷಿಣ ಸುಣ್ಣದ ಕೆಂಪು ನೀರನ್ನೆಲ್ಲ ಸಂದಿಯಲ್ಲಿ ಸುರಿದುಬಿಟ್ಟರು.

ತಲೆಯಿಂದ ಕಾಲಿನವರೆಗೆ ಕೆಂಪಾಗಿ ಮೊದಲು ನಾನು ಹೊರಬಂದೆ, ಹಿಂದೆ ಮಾಸ್ತರು. ಅಂಗಳದಲ್ಲಿ ಹೆಂಗಸರೆಲ್ಲ ಬಾಯಿ ಮೇಲೆ ಸೆರಗಿಟ್ಟು ನಿಂತಿದ್ದರು. ಕುರ್ಚಿಯ ಮೇಲೆ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗು ನೋಡಿ ನನಗೆ ಹೋದ ಜೀವ ಬಂತು.

"ಕುಬಸ ಮಗಳದು. ನೀವಿಬ್ರು ಯಾಕ ಆರತಿ ಮಾಡಿಸ್ಕೊಂಡ್ರಿ?" ಎಂದರು ಅವ್ವಾರು.

ಮಾಸ್ತರು ಪೇಟ ತೆಗೆದು ಕೆಂಪು ನೀರು ಹಿಂಡತೊಡಗಿದರು. ಕೊನೆಗೆ ನಾನೇ ಇದ್ದದ್ದನ್ನೆಲ್ಲ ಹೇಳಿದೆ. ಅರಕೇರಿಯ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಉಣ್ಣಾಕ ಸೇರವಲ್ದು, ನಿದ್ದಿ ಬರವಲ್ದು, ಮುಖ ಬಾಡ್ಯಾವು. ಆಕಿಗಿಂತ ಇವ್ರಿಗೇ ಹೆಚ್ಚ ಆಗೇತಿ. ಇವ್ರಿಗೂ ಬಳಿ ಇಡಸ್ರಿ ಬೇ!" ಎಂದಳು. ಹೆಂಗಸರೆಲ್ಲ ಹೋ ಎಂದರು. ನಮ್ಮನ್ನು ಎಳೆದು ಮಗಳ ಎಡಕ್ಕೊಬ್ಬರು ಬಲಕ್ಕೊಬ್ಬರಂತೆ ಕೂರಿಸಿದರು. ಬಳೆಗಾರ್ತಿ ಹಸಿರು ಬಳೆ ಹಿಡಿದು ಮಾಸ್ತರರ ಮುಂದೆ ಕೂತಳು.

ಅವ್ವಾರು ಹೇಳಿದರು, "ಹ್ಞೂಂ. ಕೈ ಮುಂದ ಮಾಡ್ರಿ."

ಮಾಸ್ತರು ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ಕೈ ಮುಂದೆ ಮಾಡಿ, ಮುಖ ಆ ಕಡೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿದರು. ತಿಕೋಟಾದಲ್ಲಿ ನಾವೆಲ್ಲ ಹಾಗೆಯೇ ಮುಚ್ಚುತ್ತಿದ್ದೆವು.

"ಲೇ," ಎಂದರು ಸಣ್ಣ ದನಿಯಲ್ಲಿ, "ಕಣ್ಣ ಮುಚ್ಚಿದ್ರ ನೋವು ಕಡಿಮಿ ಆಗತೈತೇನು?"

"ಇಲ್ರಿ ಸರ್" ಎಂದೆ. "ನಾ ಭಾಳ ಸಲ ಮಾಡಿ ನೋಡೇನ್ರಿ."