ಮಡಚುವ ಕ್ಯಾಮೆರಾ ಮತ್ತು ನಾನು ಕೆಡಿಸಿದ ಮುಖಗಳು

ಕೈಯಲ್ಲಿ ಕ್ಯಾಮೆರಾ ಹಿಡಿದವನನ್ನು ಫಜೀತಿ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ನಾನು ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಕಾಲದ ಮಾತು. ಯುದ್ಧ ಇನ್ನೂ ಶುರುವಾಗಿರಲಿಲ್ಲ, ಫಿಲ್ಮು ಸಲೀಸಾಗಿ ಸಿಗುತ್ತಿತ್ತು. ಹಾಗಾಗಿ ಕೆಡಿಸಲಿಕ್ಕೂ ಅಡ್ಡಿಯಿರಲಿಲ್ಲ.

ಆಯ್ಕೆ

ಅಂಗಡಿಯವರು ಮೇಜಿನ ಮೇಲೆ ಎರಡು ಕ್ಯಾಮೆರಾ ಇಟ್ಟರು. ಒಂದು ಚೌಕ ಡಬ್ಬಿ. ಇನ್ನೊಂದು ಮಡಚುವಂಥದ್ದು, ಗುಂಡಿ ಒತ್ತಿದರೆ ಮುಚ್ಚಳ ತೆರೆದು ಕಪ್ಪು ಚರ್ಮದ ತಿದಿ ಹೊರಗೆ ಬರುತ್ತಿತ್ತು.

"ಹೊಸಬರಿಗೆ ಡಬ್ಬಿಯೇ ಸಾಕು. ಈ ಮಡಚುವುದರಲ್ಲಾದರೆ ದೂರ ಎಷ್ಟು, ಬೆಳಕು ಎಷ್ಟು, ಎಲ್ಲ ನೀವೇ ನೋಡಿಕೊಳ್ಳಬೇಕು" ಎಂದರು.

ಅಷ್ಟು ತಲೆ ಬೇಕಾದ ಯಂತ್ರ ಅಂದ ಮೇಲೆ ಬಿಟ್ಟು ಬರಲಿಕ್ಕೆ ಮನಸ್ಸಾಗಲಿಲ್ಲ. ಮಡಚುವುದನ್ನೇ ತಂದೆ. ಮನೆಯವರೆಲ್ಲ ಸುತ್ತ ಕೂತರು. ಗುಂಡಿ ಒತ್ತಿದೆ, ತಿದಿ ಹೊರಗೆ ಬಂತು.

ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದರು: "ಹಾರ್ಮೋನಿಯಂ ಸಣ್ಣದಾದರೂ ಚಂದ ಉಂಟು. ಒಂದು ಭಜನೆ ಬಾರಿಸು ನೋಡುವ."

ಮೊದಲನೆಯ ರೀಲು

ಒಂದು ರೀಲಿನಲ್ಲಿ ಎಂಟು ಫೋಟೋ. ಭಾನುವಾರ ಅಂಗಳದಲ್ಲಿ ಕುರ್ಚಿ ಹಾಕಿ, ಒಬ್ಬೊಬ್ಬರನ್ನೇ ಕೂರಿಸಿ ಎಂಟು ಸಲ ಒತ್ತಿದೆ. ಮಾವ ಮೀಸೆಗೆ ಎಣ್ಣೆ ಹಚ್ಚಿ ಬಂದಿದ್ದರು. ಅತ್ತೆ ದೊಡ್ಡ ಮೂಗುತಿ ಹಾಕಿದ್ದರು.

ವಾರ ಕಳೆದು ಸ್ಟುಡಿಯೋಕ್ಕೆ ಹೋದರೆ ಒಂದೇ ಒಂದು ಬಿಳಿಚಿದ ಫೋಟೋ ಕೈಗೆ ಕೊಟ್ಟರು.

"ಉಳಿದ ಏಳು ಎಲ್ಲಿ?"

"ಎಲ್ಲ ಇದರಲ್ಲೇ ಉಂಟು. ಒಮ್ಮೆ ಒತ್ತಿದ ಮೇಲೆ ಈ ಕೀಲಿ ತಿರುಗಿಸಿ ಫಿಲ್ಮನ್ನು ಮುಂದೆ ಸರಿಸಬೇಕು ಮಾರಾಯ್ರೆ. ನೀವು ಎಂಟು ಜನರನ್ನೂ ಒಬ್ಬರ ಮೇಲೆ ಒಬ್ಬರನ್ನು ಕೂರಿಸಿದ್ದೀರಿ."

ಮನೆಯಲ್ಲಿ ಮಾವ ಫೋಟೋವನ್ನು ಬಹಳ ಹೊತ್ತು ನೋಡಿದರು.

"ಮೀಸೆ ಚಂದ ಬಂದಿದೆ. ಆದರೆ ಈ ಮೂಗುತಿ ನಾನು ಯಾವಾಗ ಹಾಕಿದ್ದು?"

ಕತ್ತಲೆ ಕೋಣೆ

ಮುಂದಿನ ಭಾನುವಾರ ಅದೇ ಎಂಟು ಜನರನ್ನು ಮತ್ತೆ ಕೂರಿಸಿ, ಈ ಸಲ ಕೀಲಿ ತಿರುಗಿಸುತ್ತಾ ಇನ್ನೊಂದು ರೀಲು ಮುಗಿಸಿದೆ. ಇನ್ನು ಫಿಲ್ಮು ನಾನೇ ತೊಳೆಯುವುದೆಂದು ಹಟ ಹಿಡಿದೆ. ಒಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ಉಗ್ರಾಣದ ಕಿಟಕಿಗೆ ಕಂಬಳಿ ಕಟ್ಟಿ, ಲಾಂದ್ರಕ್ಕೆ ಕೆಂಪು ಬಟ್ಟೆ ಸುತ್ತಿ, ಮೂರು ಬೋಗುಣಿಗಳಲ್ಲಿ ಮದ್ದಿನ ನೀರು ಇಟ್ಟುಕೊಂಡು ಕೂತೆ. ಗಡಿಯಾರ ಕಾಣುತ್ತಿರಲಿಲ್ಲವಾದ್ದರಿಂದ ಒಂದು, ಎರಡು ಎಂದು ಬಾಯಲ್ಲೇ ಎಣಿಸುತ್ತಿದ್ದೆ.

ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ದೊಡ್ಡಮ್ಮ ಬಾಗಿಲ ಸಂದಿಯಲ್ಲಿ ಇಣುಕಿದ್ದಾರೆ. ಕೆಂಪು ಬೆಳಕು, ಬೋಗುಣಿ, ನನ್ನ ಗೊಣಗಾಟ! ಸೀದಾ ಹೋಗಿ ಅಮ್ಮನನ್ನು ಎಬ್ಬಿಸಿದರು.

"ಏಳಿ, ಏಳಿ. ನಿಮ್ಮ ಮಗ ಯಾರಿಗೋ ಮಾಟ ಮಾಡ್ತಾ ಇದ್ದಾನೆ!"

ಅಮ್ಮ ಓಡಿ ಬಂದು ಬಾಗಿಲು ತೆರೆದೇಬಿಟ್ಟರು. ಬೆಳಕು ನುಗ್ಗಿತು, ಫಿಲ್ಮು ಪೂರ್ತಿ ಹಾಳು. ನಾನು ತಲೆಯ ಮೇಲೆ ಕೈ ಹೊತ್ತು ಕೂಗಿದೆ: "ಅಯ್ಯೋ, ಎಂಟು ಜನ ಹೋದರಲ್ಲಾ!"

ದೊಡ್ಡಮ್ಮ ಅಮ್ಮನ ಕೈ ಹಿಡಿದುಕೊಂಡರು. "ನಾನು ಹೇಳಲಿಲ್ವಾ?"

ಬೊಂಬಾಯಿಗೆ ಹೋದ ಫೋಟೋ

ನಮ್ಮೂರಿನ ಜೆಪ್ಪು ಕೇರಿಯಲ್ಲಿ ನನಗೊಬ್ಬ ಗೆಳೆಯನಿದ್ದ, ಶಾಲಾ ಮಾಸ್ತರ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರ ಮನೆ. ಅವನಿಗೆ ಎರಡು ಸಂಬಂಧ ತಪ್ಪಿಹೋಗಿತ್ತು. ಮೂರನೆಯದು ಬೊಂಬಾಯಿಯ ಮನೆತನ. ಹುಡುಗನ ಫೋಟೋ ಕಳಿಸಿ ಎಂದು ಬರೆದಿದ್ದರು. ಸ್ಟುಡಿಯೋಕ್ಕೆ ಹೋದರೆ ಇವನಿಗೆ ಬೆವರು ಬಿಡುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು.

"ನೀನೇ ತೆಗಿ ಮಾರಾಯ. ನಿನ್ನೆದುರು ನನಗೆ ಹೆದರಿಕೆ ಇಲ್ಲ" ಎಂದ. ಹೆದರಿಕೆ ಇದ್ದದ್ದು ನನಗೆ.

ಕೋಟು, ಟೈ ಹಾಕಿಸಿ ಅಂಗಳದಲ್ಲಿ ಕೂರಿಸಿದೆ. ಬಾವಿಕಟ್ಟೆ ಕಾಣಬಾರದೆಂದು ಅವನ ತಂಗಿ ಹಿಂದೆ ಬಿಳಿ ಬೆಡ್‌ಶೀಟನ್ನು ಎತ್ತಿ ಹಿಡಿದು ನಿಂತಳು. ಎಂಟು ಫೋಟೋದಲ್ಲಿ ಏಳರಲ್ಲಿ ಇವನ ಕಣ್ಣು ಮುಚ್ಚಿತ್ತು. ಎಂಟನೆಯದರಲ್ಲಿ ತೆರೆದಿತ್ತು, ಆದರೆ ಅಷ್ಟರಲ್ಲಿ ತಂಗಿಯ ಕೈ ಸೋತು, ಬೆಡ್‌ಶೀಟು ಇಳಿದು, ಅಣ್ಣನ ತಲೆಯ ಮೇಲೆ ಅವಳ ನಗುಮುಖ ಸ್ಪಷ್ಟವಾಗಿ ಮೂಡಿತ್ತು.

"ಇದನ್ನು ಕಳಿಸುವುದು ಹೇಗೆ?" ಎಂದೆ.

ಅವನ ತಾಯಿ, ನಾವು ಬಾಯಮ್ಮ ಎನ್ನುತ್ತಿದ್ದವರು, ಫೋಟೋವನ್ನು ಬೆಳಕಿಗೆ ಹಿಡಿದರು. "ಮಗನಿಗೆ ಎರಡು ಕಣ್ಣು ಉಂಟು ಅಂತ ಗೊತ್ತಾಗ್ತದಲ್ಲ. ಸಾಕು, ಕಳಿಸುವ."

ಮೂರು ವಾರ ಕಳೆದು ಗೆಳೆಯ ಸೈಕಲ್ ತುಳಿದುಕೊಂಡು ನನ್ನ ಆಫೀಸಿಗೇ ಬಂದ. ಬೊಂಬಾಯಿಯಿಂದ ಬಂದ ಕಾಗದ ಮುಂದೆ ಹಿಡಿದ. ಓದಿದೆ.

"ಫೋಟೋ ತಲುಪಿತು. ಮನೆಯವರೆಲ್ಲರಿಗೂ ಬಹಳ ಒಪ್ಪಿಗೆಯಾಗಿದೆ. ಹಿಂದೆ ನಗುತ್ತಿರುವ ಹುಡುಗಿ ಯಾರು? ನಮಗೆ ಮದುವೆಯ ಪ್ರಾಯದ ಮಗನೂ ಇದ್ದಾನೆ. ಮುಂದೆ ಕುಳಿತವರ ವಿಷಯ ನಿಧಾನವಾಗಿ ಬರೆಯುತ್ತೇವೆ."

ಜನವರಿಯಲ್ಲಿ ತಂಗಿಯ ಮದುವೆ ಆಗಿಯೇ ಹೋಯಿತು. ಊಟದ ಹೊತ್ತಿಗೆ ಗೆಳೆಯ ನನ್ನ ರಟ್ಟೆ ಹಿಡಿದು ಮೂಲೆಗೆ ಎಳೆದ. ಇವತ್ತು ಪೆಟ್ಟು ಖಂಡಿತ ಅಂದುಕೊಂಡೆ.

"ಕ್ಯಾಮೆರಾ ತಂದಿದ್ದೀಯಾ?"

"ಉಂಟು. ಎಂತಕ್ಕೆ?"

"ನನ್ನದು ಇನ್ನೊಂದು ತೆಗಿ ಮಾರಾಯ. ಈ ಸಲ ಬೆಡ್‌ಶೀಟು ಹಿಡಿಯಲಿಕ್ಕೆ ಅಜ್ಜಿಯನ್ನು ಒಪ್ಪಿಸಿದ್ದೇನೆ."